ಕಹಿ ಬೀರುವಿನ ಬೀಗ

ಖಾದರ್ ಸಾಹೇಬರ ಬಲಗೈಯ ಎರಡು ಬೆರಳ ತುದಿ ಸದಾ ಹಳದಿ. ಅರಿಶಿನವಲ್ಲ, ಸೋಪಿಗೂ ಜಗ್ಗದ ಹಳದಿ. ಯಲಹಂಕದ ನಮ್ಮ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿಗೆ ಅವರು ಅಟೆಂಡರು. ನಾನು ಲೆಕ್ಚರರಾಗಿ ಸೇರಿದ ಮೊದಲ ದಿನವೇ ಒಂದು ಬೇರಿನ ಚೂರು ಕೊಟ್ಟು, "ಅಗೀರಿ ಮೇಡಂ" ಎಂದರು. ಥೂ! ಮಧ್ಯಾಹ್ನದ ಮೊಸರನ್ನವೂ ಕಹಿಯಾಯಿತು.

"ಕಟುಕರೋಹಿಣಿ. ಬುಕ್ಕಲ್ಲಿ ಪಿಕ್ರೋರೈಜಾ ಅಂತಾರೆ. ಪಿಕ್ರೋಸ್ ಅಂದ್ರೆ ಗ್ರೀಕಲ್ಲಿ ಕಹಿ, ಹಳೇ ಪ್ರೊಫೆಸರು ಹೇಳ್ಕೊಟ್ಟಿದ್ದು. ಪಿಕ್ರಿಕ್ ಆಸಿಡ್ಡು, ಪಿಕ್ರೇಟು, ಎಲ್ಲಾ ಒಂದೇ ಖಾನ್‌ದಾನು. ಇದೊಂದನ್ನೇ ನಾಲಗೆಗೆ ಇಡಬೋದು. ಮಿಕ್ಕಿದ್ದರ ಹತ್ರ ಹುಷಾರು!"

ಆ ಖಾನ್‌ದಾನಿನ ಬೀರುವಿನ ಬೀಗದ ಕೈ ಅವರ ಬಳಿಯೇ. ಬೀಗ ಹಾಕಿ ಮೂರು ಸಲ ಎಳೆದು ನೋಡದೆ ಅವರು ಮೆಟ್ಟಿಲು ಇಳಿದವರಲ್ಲ. ಬಾಟಲಿಯ ಮೇಲಿನ ಹೆಸರನ್ನೂ ನಂಬುತ್ತಿರಲಿಲ್ಲ. "ಚೀಟಿ ಅಂಟಿಸಿದೋನೂ ಮನುಷ್ಯಾನೇ ಅಲ್ವಾ ಮೇಡಂ?"

ನಾನೇನು ಕಡಿಮೆಯೇ? ತರಕಾರಿಯವನು ತಕ್ಕಡಿ ಎತ್ತಿದರೆ ಅವನ ಹೆಬ್ಬೆರಳನ್ನೇ ನೋಡುವವಳು. ಪ್ರತಿ ಶನಿವಾರ ಎಲ್ಲರೂ ಹೊರಟ ಮೇಲೆ ಸಾಹೇಬರು ನೀರಿನ ಜಗ್ಗು ಹಿಡಿದು ಬೀರುವಿದ್ದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅದೇ ಬೀರುವಿನ ಕೆಳಗಿನ ಖಾನೆಯಲ್ಲಿ ಸ್ಪಿರಿಟ್ಟಿನ ಕ್ಯಾನು. ಸ್ಪಿರಿಟ್ ಕದ್ದು ನೀರು ಬೆರೆಸುತ್ತಿದ್ದಾರೆ ಎಂದು ತೀರ್ಮಾನಿಸಿಬಿಟ್ಟೆ. ಕೇಳಿದ್ದರೆ ಹೇಳುತ್ತಿದ್ದರು. ಕೇಳಲಿಲ್ಲ. ಗುಟ್ಟಾಗಿ ಪ್ರಿನ್ಸಿಪಾಲರಿಗೆ ಕಾಗದ ಬರೆದೆ. ಸಾಹೇಬರನ್ನು ಲೈಬ್ರರಿಗೆ ಹಾಕಿದರು. ಬೀಗದ ಕೈ ನನಗೆ ಬಂತು.

ಬೇಸಿಗೆ ರಜೆ ಮುಗಿದ ದಿನ ಬೀರು ತೆರೆದೆ. ಹಿಂದಿನ ಸಾಲಿನಲ್ಲಿ ಪಿಕ್ರಿಕ್ ಆಸಿಡ್ಡಿನ ಕಂದು ಬಾಟಲಿ. ಮುಚ್ಚಳಕ್ಕೆ ಕೈ ಹಾಕಿದೆ.

"ಮೇಡಂ! ತಿರುಗಿಸ್ಬೇಡಿ!"

ಬಾಗಿಲಲ್ಲಿ ಸಾಹೇಬರು, ಏದುಸಿರು ಬಿಡುತ್ತಿದ್ದರು. "ಮೆಲ್ಲಗೆ ಕೈ ತೆಗೀರಿ. ಬಾಟ್ಲಿ ಅಲುಗಾಡಬಾರ್ದು. ಈಚೆ ಬನ್ನಿ."

ಆಗ ಕಂಡಿತು, ಮುಚ್ಚಳದ ಅಂಚಿಗೆ ಕಟ್ಟಿದ್ದ ಹಳದಿ ಹರಳು. ಪಿಕ್ರಿಕ್ ಆಸಿಡ್ ಸದಾ ಒದ್ದೆಯಾಗಿರಬೇಕು, ಒಣಗಿದರೆ ಮುಚ್ಚಳ ಉಜ್ಜಿದರೂ ಸಿಡಿಯಬಹುದು. ಇದನ್ನು ನಾನೇ ಪಾಠ ಮಾಡಿದವಳು! ಜಗ್ಗು ಕಂಡಾಗ ಮಾತ್ರ ನೆನಪಾಗಲಿಲ್ಲ. ಸಾಹೇಬರು ವಾರ ವಾರ ನೀರು ಹಾಕುತ್ತಿದ್ದದ್ದು ಈ ಬಾಟಲಿಗೆ.

ಸಿಡಿಮದ್ದು ತಿಳಿದವರು ಬಂದು ಅದನ್ನು ಒಯ್ಯುವವರೆಗೆ ಇಡೀ ಕಾಲೇಜು ಬಯಲಲ್ಲಿ ನಿಂತಿತ್ತು. "ಯಾರೋ ಪುಣ್ಯಾತ್ಮರು ಸಾಹೇಬ್ರ ಮೇಲೆ ದೂರು ಕೊಟ್ಟಿದ್ರಂತೆ" ಎಂದು ಪಕ್ಕದಲ್ಲಿ ಯಾರೋ ಅಂದರು. ಕುಂಬಳಕಾಯಿ ಕಳ್ಳನಂತೆ ನಾನು ಹೆಗಲು ಮುಟ್ಟಿಕೊಳ್ಳುವುದೊಂದು ಬಾಕಿ. ಬೀಗದ ಕೈ ಸಾಹೇಬರಿಗೆ ಮರಳಿತು. ಬಾಯಿ ಬಿಡುವ ಧೈರ್ಯ ನನಗೆ ವರ್ಷಗಟ್ಟಲೆ ಬರಲಿಲ್ಲ. ಅವರು ಕೊಟ್ಟ ಟೀ ಕುಡಿಯುವಾಗಲೆಲ್ಲ, ಇವರಿಗೆ ಗೊತ್ತಿರಬಹುದೇ ಎಂದು ಮುಖ ನೋಡುತ್ತಿದ್ದೆ.

ಅವರು ನಿವೃತ್ತರಾದ ದಿನ ಬೀಗದ ಕೈಯನ್ನು ನನ್ನ ಅಂಗೈಗೆ ಇಟ್ಟರು. ತಡೆಯಲಾಗಲಿಲ್ಲ. "ಸಾಹೇಬ್ರೇ, ಆ ಕಾಗದ ಬರೆದಿದ್ದು ನಾನೇ."

"ಗೊತ್ತು ಮೇಡಂ. ಪ್ರಿನ್ಸಿಪಾಲ್ರು ಆವತ್ತೇ ತೋರಿಸಿದ್ರು. 'ಅನುಮಾನವಿದೆ' ಅಂತ ಬರ್ದಿದ್ರಿ, 'ಕಳ್ಳ' ಅಂತ ಬರ್ದಿರ್ಲಿಲ್ಲ."

"ಆದ್ರೂ ತಪ್ಪೇ ಅಲ್ವಾ?"

"ಕೇಳ್ಬೇಕಿತ್ತು, ಅಷ್ಟೇ. ಪಾಠ ಮಾಡೋರಿಗೆ ನಾನೇನು ಹೇಳೋದು ಅಂತ ನಾನೂ ಸುಮ್ನಿದ್ದೆ. ನನಗೂ ನಿಮ್ಮ ಮೇಲೆ ಅನುಮಾನ ಇತ್ತು, ಈಯಮ್ಮ ನೀರು ಹಾಕಿರಲ್ಲ ಅಂತ. ಅದಕ್ಕೇ ಆವತ್ತು ಓಡಿ ಬಂದೆ." ಹೇಳಿ ನಕ್ಕುಬಿಟ್ಟರು. ನನಗೆ ಅಳು ಬಂತು.

ನಾನು ಅವರನ್ನು ನೋಡಿದ್ದು ಅದೇ ಕೊನೆ. ಮುಂದಿನ ರಂಜಾನಿಗೆ ಅವರಿರಲಿಲ್ಲ.

ನಿವೃತ್ತಿಯ ಆ ಸಂಜೆ ಬೀಗ ಹಾಕಿದವಳು ನಾನು. ಇನ್ನು ಬಂದು ಮೂರು ಸಲ ಎಳೆಯುತ್ತಾರೆ ಎಂದು ಪಕ್ಕಕ್ಕೆ ಸರಿದು ನಿಂತೆ. ಸಾಹೇಬರು ಟಿಫಿನ್ ಡಬ್ಬಿ ಎತ್ತಿಕೊಂಡು, "ಬರ್ತೀನಿ ಮೇಡಂ" ಎಂದು ಮೆಟ್ಟಿಲು ಇಳಿದು ಹೋದರು. ಬೀಗ ಮುಟ್ಟಲೇ ಇಲ್ಲ.