ಅವ್ವನ ಮುಂದಿನ ಎಲೆ

ಉಣ್ಣುತ್ತಿರುವವರ ಮುಂದಿನ ಎಲೆ ಎಳೆಯುವವರು ನಮ್ಮೂರು ದುದ್ದದ ಕಡೆ ಇನ್ನೂ ಹುಟ್ಟಿಲ್ಲ. ಜಗಳ ಏನಿದ್ದರೂ ಕೈ ತೊಳೆದ ಮೇಲೆ. ಅಂಥದ್ದನ್ನು ನಾನು ಕಣ್ಣಾರೆ ಕಂಡದ್ದು ಐರ್ಲೆಂಡಿನ ಒಂದು ಹಳ್ಳಿಮನೆಯಲ್ಲಿ. ಎಲೆ ನಮ್ಮವ್ವನದು.

ನನ್ನ ಮಗಳು ಆ ದೇಶದಲ್ಲಿ ನರ್ಸು. ಹೋದ ಬೇಸಿಗೆಯಲ್ಲಿ ಅವ್ವನನ್ನೂ ನನ್ನನ್ನೂ ಕರೆಸಿಕೊಂಡು, ಹುಲ್ಲುಗಾವಲಿನ ನಡುವಿನ ದೊಡ್ಡ ಕಲ್ಲಿನ ಮನೆಯೊಂದರಲ್ಲಿ ಎರಡು ದಿನ ಇರಿಸಿದಳು. ಅಲ್ಲಿ ಮನೆಯೊಡತಿಯೇ ಅಡುಗೆ ಮಾಡಿ, ಬಂದವರ ಜೊತೆ ಕೂತು ಉಣ್ಣುತ್ತಾಳೆ. ನನ್ನ ವಯಸ್ಸಿನವಳು. ಗಂಬೂಟು ಹಾಕಿಕೊಂಡು ಹಸುಗಳ ಹಿಂದೆ ಓಡಾಡುವುದನ್ನು ಕಂಡೇ ಅವ್ವನಿಗೆ ಅವಳ ಮೇಲೆ ಪ್ರೀತಿ ಬಂದುಬಿಟ್ಟಿತ್ತು. ರಾತ್ರಿ ಊಟಕ್ಕೆ ಇಡೀ ಕೋಳಿ ಸುಟ್ಟಿದ್ದಳು. ಅವ್ವ ಚೆನ್ನಾಗಿಯೇ ತಿಂದು, "ಖಾರ ಇಲ್ದಿದ್ರೂ ಉಪ್ಪು ಸರಿಯಾಗಿ ಬಿದ್ದದೆ, ಪಾಪ" ಅಂದಳು.

ಊಟ ಮುಗಿಯಿತು. ಮನೆಯೊಡತಿ ನಮ್ಮ ತಟ್ಟೆಗಳನ್ನೆಲ್ಲ ಎತ್ತಿಕೊಂಡು ಹೋಗಿ ಒಲೆಯ ಪಕ್ಕ ನೆಲದ ಮೇಲಿಟ್ಟಳು. ಮೇಜಿನ ಕೆಳಗಿಂದ ಎರಡು ನಾಯಿ ಎದ್ದವು. ಹೂವಿನ ಚಿತ್ರದ ಆ ಪಿಂಗಾಣಿ ತಟ್ಟೆಗಳನ್ನು ಅವು ನೆಕ್ಕಿದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಅವ್ವ ನನ್ನ ಮೊಣಕೈ ಬಿಗಿಯಾಗಿ ಹಿಡಿದಳು. "ಲೇ, ನಾವುಂಡಿದ್ದೂ ಇವು ನೆಕ್ಕಿದ ತಟ್ಟೇಲೇ ಏನೇ?"

"ಕುದಿಯೋ ನೀರಲ್ಲಿ ತೊಳೀತಾರೆ ಕಣಜ್ಜಿ" ಅಂದಳು ಮಗಳು.

"ತಟ್ಟೆ ತೊಳೀತಾರೆ. ನನ್ ಕಣ್ಣು ಯಾರು ತೊಳೀತಾರವ್ವಾ?"

ಬೆಳಿಗ್ಗೆ ಅವ್ವ ಬ್ರೆಡ್ಡು ಮುಟ್ಟಲಿಲ್ಲ, ಟೀ ಲೋಟದ ಕಡೆ ತಿರುಗಿಯೂ ನೋಡಲಿಲ್ಲ. ಸಕ್ಕರೆ ಕಾಯಿಲೆಯವಳು, ಮಾತ್ರೆ ಮಾತ್ರ ನುಂಗಿಬಿಟ್ಟಿದ್ದಳು. ಬಿಸಿಲೇರುವ ಹೊತ್ತಿಗೆ ಬೆರಳು ನಡುಗತೊಡಗಿದವು. ಮಗಳು ಗಾಬರಿಯಾಗಿ ಬಾಯಿಗೆ ಪೆಪ್ಪರಮೆಂಟು ಹಾಕಿ, "ಈಗ ಉಣ್ಲಿಲ್ಲ ಅಂದ್ರೆ ಆಸ್ಪತ್ರೆಗೇ ಕರ್ಕೊಂಡೋಗೋದು" ಅಂತ ಗದರಿದಳು.

"ಎಲೆ ಹಾಕಿ. ಉಣ್ತೀನಿ."

ಆ ದೇಶದಲ್ಲಿ ಬಾಳೆ ಎಲೆ ಎಲ್ಲಿಂದ ತರುವುದು? ಮಗಳು ಮನೆಯೊಡತಿಯನ್ನು ಕೇಳಲು ಕೊಟ್ಟಿಗೆಯ ಕಡೆ ಓಡಿದಳು. ನನಗೆ ಕಾಯುವಷ್ಟು ತಾಳ್ಮೆ ಇರಲಿಲ್ಲ. ಅಡುಗೆಮನೆಯ ಹಿಂದೆ, ಕೆಸುವಿನ ಎಲೆಯಷ್ಟು ಅಗಲದ, ಕೆಂಪು ದಂಟಿನ ಎಲೆಗಳು ಸೊಂಪಾಗಿ ಬೆಳೆದಿದ್ದವು. ಒಂದನ್ನು ಮುರಿದು, ತೊಳೆದು, ಅವ್ವನ ಮುಂದೆ ಹಾಸಿದೆ. ಪಾತ್ರೆಯಲ್ಲಿದ್ದ ಬಿಸಿ ಆಲೂಗೆಡ್ಡೆ, ಮೇಲೊಂದಿಷ್ಟು ಬೆಣ್ಣೆ ಬಡಿಸಿದೆ. ಅವ್ವ ಎಲೆಯ ಮೇಲೇ ಕಿವುಚಿಕೊಂಡು ಮೊದಲ ತುತ್ತು ಎತ್ತಿದಳು.

ಬಾಗಿಲಲ್ಲಿ ಮನೆಯೊಡತಿ ಕಿರುಚಿದಳು. ಬೂಟುಗಾಲಲ್ಲೇ ನುಗ್ಗಿ ಬಂದು ಅವ್ವನ ಮಣಿಕಟ್ಟು ಹಿಡಿದು ತುತ್ತನ್ನು ಕೊಡವಿಬಿಟ್ಟಳು. ಎಲೆಯನ್ನು ಆಲೂಗೆಡ್ಡೆ ಸಮೇತ ಎಳೆದು ಅಂಗಳಕ್ಕೆ ಎಸೆದಳು.

ಎಪ್ಪತ್ತು ದಾಟಿದ ಮುದುಕಿಯ ಕೈತುತ್ತು! ಅವ್ವ ಬರಿಗೈಯನ್ನು ಹಾಗೇ ಎತ್ತಿ ಹಿಡಿದುಕೊಂಡು ಕೂತಿದ್ದಳು.

"ನಡೀರಿ, ಊರ್ಗೋಗಮ. ಉಣ್ಣೋ ಎಲೆ ಕಿತ್ಕಂಡ ಮನೇಲಿ ನೀರೂ ಬ್ಯಾಡ."

ಹಿಂದೆಯೇ ಬಂದ ಮಗಳ ಮುಖ ಬಿಳಿಚಿಕೊಂಡಿತ್ತು. "ಅಜ್ಜೀ, ಅದರ ದಂಟು ಮಾತ್ರ ತಿನ್ನೋದಂತೆ. ಎಲೆ ವಿಷವಂತೆ ಕಣಜ್ಜಿ!"

ಎಲೆ ಮುರಿದ ನನ್ನ ಕೈಯನ್ನು ನಾನೇ ನೋಡಿಕೊಂಡೆ. ತಟ್ಟೆ ಇರುವಾಗ ಎಲೆಯೇಕೆ ಎಂದು ಮನೆಯೊಡತಿ ಕೇಳಿದಳು. ಮಗಳು ನಾಯಿಗಳ ಸಂಗತಿಯನ್ನು ಹೇಳಿಯೇಬಿಟ್ಟಳು. ಮನೆಯೊಡತಿಯ ಕೆನ್ನೆ, ಕಿವಿ ಎಲ್ಲ ಕೆಂಪಾದವು. ತೋಟಕ್ಕೆ ಹೋಗಿ ಕೋಸಿನ ಹೊರ ಎಲೆಗಳನ್ನು ಕಿತ್ತು ತಂದು, ತೊಳೆದು, ತಾನೇ ಹಾಸಿ, ತಾನೇ ಬಡಿಸಿ ನಿಂತಳು.

ಅವ್ವ ಎಲೆಯನ್ನು ನೋಡಿದಳು, ಅವಳನ್ನು ನೋಡಿದಳು. "ಅವ್ಳಿಗೂ ಒಂದೆಲೆ ಹಾಕು. ಬೆಳಗಿಂದ ದನದ ಹಿಂದೆ ಓಡವ್ಳೆ." ಅವಳೂ ಕೂತ ಮೇಲೆಯೇ ಅವ್ವ ಬಾಯಿಗಿಟ್ಟದ್ದು.

ಉಂಡೆದ್ದ ಅವ್ವ ಎಲೆಯನ್ನು ಬೇಲಿಯಾಚೆಯ ಹಸುವಿಗೆ ಚಾಚಿದಳು. ಮನೆಯೊಡತಿ ಏನೋ ಅಂದಳು, ಮಗಳು ನಗು ತಡೆಯಲಾರದೆ ಹೇಳಿದಳು: "ನಮ್ಮ ನಾಯಿ ನೆಕ್ಕಿದ್ರೆ ತಪ್ಪು, ಹಸ ನೆಕ್ಕಿದ್ರೆ ಸರಿಯಾ ಅಂತ ಕೇಳ್ತವ್ಳೆ ಕಣಜ್ಜಿ."

"ಹಸ ಎಲೇನೂ ತಿಂದಾಕ್ತದೆ" ಅಂದಳು ಅವ್ವ. "ನಾಯಿ ತಟ್ಟೇನೂ ತಿಂದಾಕ್ಲಿ, ನನ್ ತಕರಾರಿಲ್ಲ ಅನ್ನು."