ಕಾಡತೂಸಿನ ಡಬ್ಬಿಯ ಸಣ್ಣ ಅಕ್ಷರ

ಸವಣೂರಿನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಅಬ್ಬಾನ ಅಂಗಡಿ. ಅಜ್ಜ ಸಂಸ್ಥಾನದ ಕಾಲದಲ್ಲಿ ಅರಮನೆಯ ಬಂದೂಕುಗಳನ್ನು ನೋಡಿಕೊಳ್ಳುತ್ತಿದ್ದವರು. ಅಬ್ಬಾ ಅದೇ ಕೆಲಸ ಕಲಿತು, ಸರಕಾರದ ಲೈಸೆನ್ಸು ಪಡೆದು, ಸುತ್ತಲಿನ ಊರುಗಳ ಬಂದೂಕು ರಿಪೇರಿ ಮಾಡುತ್ತಿದ್ದರು. ಮನೆಯೊಳಗೆ ನಮ್ಮ ಮಾತು ಉರ್ದು. ಅಂಗಡಿಯ ಹೊಸ್ತಿಲು ದಾಟಿದರೆ ಮಗಳೊಂದಿಗೂ ಅಬ್ಬಾ ಕನ್ನಡವನ್ನೇ ಆಡುತ್ತಿದ್ದರು. ಗಿರಾಕಿ ಎದುರಿಗಿದ್ದಾಗ ಅವನಿಗೆ ತಿಳಿಯದ ಮಾತು ಆಡಬಾರದು ಎಂದು ಶುರುವಾದದ್ದು, ಗಿರಾಕಿ ಇಲ್ಲದಾಗಲೂ ರೂಢಿಯಾಗಿ ಉಳಿದಿತ್ತು.

ಬಂದೂಕುಗಳ ನಡುವೆ ವರ್ಷಕ್ಕೆ ನಾಲ್ಕೈದು ಹಳೆಯ ರಿವಾಲ್ವರ್‌ಗಳೂ ಬರುತ್ತಿದ್ದವು. ಯಾರದೋ ಮುತ್ತಜ್ಜನಿಗೆ ಸಾಹೇಬರು ಕೊಟ್ಟದ್ದು, ಯಾರೋ ದೇಸಾಯರ ಮನೆಯ ಪೆಟ್ಟಿಗೆಯಲ್ಲಿ ಸಿಕ್ಕದ್ದು. ಅಬ್ಬಾ ಅವನ್ನು ಬಿಚ್ಚಿ, ತುಕ್ಕು ತೆಗೆದು, ಎಣ್ಣೆ ಹಾಕಿ ಹೊಸದರಂತೆ ಮಾಡಿಬಿಡುತ್ತಿದ್ದರು. ತೊಡಕು ಬರುತ್ತಿದ್ದದ್ದು ಕಾಡತೂಸಿನದು. ಆ ರಿವಾಲ್ವರ್‌ಗಳು ಹುಟ್ಟಿದ ಕಾಲದ ಕಾಡತೂಸು ಮಾಡುವವರು ಯಾರೂ ಉಳಿದಿರಲಿಲ್ಲ. ಮನೆಯಲ್ಲಿ ಇಟ್ಟುಕೊಂಡವು ಹಸಿರುಗಟ್ಟಿ, ಹತ್ತರಲ್ಲಿ ಎರಡು ಹಾರಿದರೆ ಹೆಚ್ಚು. ಪೇಟೆಯಲ್ಲಿ ಸಿಗುವ ಹೊಸವು ಒಂದೋ ಕೂರುತ್ತಿರಲಿಲ್ಲ, ಕೂತರೆ ಅಬ್ಬಾನಿಗೆ ನಂಬಿಕೆ ಬರುತ್ತಿರಲಿಲ್ಲ. ಹಳೆಯ ಕಬ್ಬಿಣ ಆಗಿನ ಕಡಿಮೆ ಜೋರಿನ ಕರಿಮದ್ದಿಗೆಂದು ಮಾಡಿದ್ದು, ಈಗಿನ ಮದ್ದಿನ ಜೋರು ಅದು ತಡೆಯುತ್ತದೋ ಇಲ್ಲವೋ ಎಂದು ಹೇಳಿ, ಸುಮ್ಮನೆ ಪೆಟ್ಟಿಗೆಯಲ್ಲಿಡಿ ಎಂದು ಕಳಿಸಿಬಿಡುತ್ತಿದ್ದರು.

ಹಾಗೆ ಬರುತ್ತಿದ್ದವರಲ್ಲಿ ಹಂಸಭಾವಿಯ ಗೌಡರೊಬ್ಬರು. ಅರವತ್ತು ದಾಟಿದ ಎತ್ತರದ ಆಳು. ವರ್ಷಕ್ಕೊಮ್ಮೆ ರಿವಾಲ್ವರನ್ನು ಎಣ್ಣೆ ಹಾಕಿಸಲು ತಂದರೆ ಅರ್ಧ ದಿನ ಅಂಗಡಿಯಲ್ಲೇ ಕೂರುತ್ತಿದ್ದರು. ಅವರ ಮಾತೆಲ್ಲ ತಮ್ಮ ಕುದುರೆಯದು. ಊರೂರಿಗೆ ಬಸ್ಸು ಬಂದ ಮೇಲೆ ಆ ಕಡೆ ಕುದುರೆ ಸಾಕಿದವರು ಅವರೊಬ್ಬರೇ. ಅದು ಹೆಣ್ಣುಗುದುರೆ, ಅವರ ಕೈಯಲ್ಲೇ ಹುಟ್ಟಿದ್ದು. ಬಸ್ಸಿನಲ್ಲಿ ಬಂದಿರುತ್ತಿದ್ದರೂ ಅವರ ಧೋತರಕ್ಕೆ ಕುದುರೆಯ ವಾಸನೆ ಇರುತ್ತಿತ್ತು. ಅಮ್ಮಿ ಒಳಗಿನಿಂದ ಚಹಾ ಕಳಿಸುತ್ತಿದ್ದಳು. ಅಬ್ಬಾ ಅಷ್ಟು ಹೊತ್ತು ನಗುತ್ತ ಕೂತದ್ದನ್ನು ನಾನು ಬೇರೆ ಯಾವ ಗಿರಾಕಿಯ ಜೊತೆಗೂ ನೋಡಲಿಲ್ಲ.

ಎಪ್ಪತ್ತರ ದಶಕದ ನಡುವೆ, ನಾನು ಶಿಕ್ಷಕಿಯ ತರಬೇತಿ ಮುಗಿಸಿ ದುಂಡಸಿಯ ಶಾಲೆಗೆ ಸೇರಿದ ಹೊಸತು. ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಿ ದಿನವೂ ಹೋಗಿಬರುತ್ತಿದ್ದೆ. ಐದನೆಯ ಇಯತ್ತೆಯ ಮಕ್ಕಳಿಗೆ ಇಂಗ್ಲಿಷು ಕಲಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಮ್ಮ ಇಡೀ ಮನೆತನದಲ್ಲಿ ಇಂಗ್ಲಿಷು ಬಲ್ಲವಳು ನಾನೊಬ್ಬಳೇ ಎಂಬುದು ಅಬ್ಬಾನಿಗೆ ದೊಡ್ಡ ಹೆಮ್ಮೆ. ನಿಜ ಹೇಳಬೇಕೆಂದರೆ ಆ ಪಾಠದ ಪುಸ್ತಕ ಬಿಟ್ಟರೆ ನನಗೆ ಬರುತ್ತಿದ್ದದ್ದು ಅಷ್ಟಕ್ಕಷ್ಟೇ.

ಒಂದು ಶನಿವಾರ ಶಾಲೆ ಬೇಗ ಮುಗಿಸಿ ಬಂದಾಗ ಗೌಡರು ಅಂಗಡಿಯಲ್ಲಿದ್ದರು. ಮುಂಬೈಯಲ್ಲಿದ್ದ ಸಂಬಂಧಿಕರೊಬ್ಬರು ಅವರಿಗೆ ಒಂದು ಡಬ್ಬಿ ಪರದೇಶದ ಕಾಡತೂಸು ಕೊಡಿಸಿದ್ದರು. ಅದರಲ್ಲಿದ್ದದ್ದು ಹನ್ನೆರಡು. ರಿವಾಲ್ವರಿನ ಮೇಲೆ ಕೆತ್ತಿದ್ದ ಅಂಕಿಯೇ ಡಬ್ಬಿಯ ಮೇಲೂ ಇತ್ತು, ಗುಂಡು ತುಂಬುವ ಉರುಳೆಯ ಆರೂ ಮನೆಗಳಲ್ಲಿ ಕಾಡತೂಸು ಸಲೀಸಾಗಿ ಕೂತಿದ್ದವು. ಅಬ್ಬಾ ಮಾತ್ರ ಒಂದನ್ನು ಒಡೆದು ಒಳಗಿನ ಮದ್ದು ನೋಡೋಣ ಎನ್ನುತ್ತಿದ್ದರು. ಸಿಕ್ಕಿದ್ದೇ ಇಷ್ಟು, ಅದರಲ್ಲೊಂದನ್ನು ಒಡೆದು ಹಾಳು ಮಾಡುವುದು ಗೌಡರಿಗೆ ಮನಸ್ಸಿಲ್ಲ. ಅವರಿಗೆ ಅದು ಬೇಕಾಗಿದ್ದ ಕಾರಣ ಕೇಳಿದ ಮೇಲೆ ಅಬ್ಬಾನಿಗೂ ಒತ್ತಾಯ ಮಾಡಲಾಗಲಿಲ್ಲ.

"ಕುದುರಿಗೆ ವಯಸ್ಸಾತ್ರಿ ಉಸ್ತಾದರ," ಎಂದರು ಗೌಡರು. "ಒಂದಿನ ಬಿದ್ದರ ಮ್ಯಾಲೇಳೂದಿಲ್ಲ. ಅದು ವಾರಗಟ್ಲೆ ನರಳೂದನ್ನ ನನಗ ನೋಡಾಕ ಆಗೂದಿಲ್ಲ. ನನ್ನ ಕೈಯಾಗ ಹುಟ್ಟೇತಿ, ನನ್ನ ಕೈಯಾಗ ಹೋಗಲಿ."

ಆಗ ಅಬ್ಬಾ ಡಬ್ಬಿಯನ್ನು ನನ್ನತ್ತ ಚಾಚಿದರು. ಅದರ ಒಂದು ಮಗ್ಗುಲಲ್ಲಿ ಕೆಂಪು ಮಸಿಯಲ್ಲಿ ಎರಡು ಸಾಲು ಸಣ್ಣ ಅಕ್ಷರಗಳಿದ್ದವು. ಅದರಲ್ಲಿ ಏನು ಬರೆದಿದ್ದಾರೆ ನೋಡು ಎಂದರು. ಗೌಡರು ಶಾಲೆಯ ಮಕ್ಕಳಂತೆ ನನ್ನನ್ನು "ಅಕ್ಕೋರು" ಎಂದು ಕರೆದು, ಇಂಥ ಮಗಳಿದ್ದರೆ ಯಾವ ವಕೀಲ ಬೇಕು ಎಂದು ನಕ್ಕರು.

ನಾನು ಓದಿದೆ. ಅಕ್ಷರಗಳು ಗೊತ್ತಾದವು, ಅರ್ಥ ಗೊತ್ತಾಗಲಿಲ್ಲ. ನಾಲ್ಕು ಶಬ್ದಗಳನ್ನು ಅದಕ್ಕೆ ಮೊದಲು ನಾನು ಎಲ್ಲೂ ಕಂಡಿರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ಮುನಸೀಪಾಲಿಟಿ ಹೈಸ್ಕೂಲಿನ ಮಾಸ್ತರರ ಮನೆ ಎರಡು ಓಣಿ ಆಚೆ, ಹೋಗಿ ಕೇಳಿ ಬರಬಹುದಿತ್ತು. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಏನಿಲ್ಲ ಅಬ್ಬಾ. ಕಂಪನಿ ವಿಳಾಸ ಐತಿ, ಅಷ್ಟ," ಎಂದೆ.

ಅಬ್ಬಾ ಒಂದು ಗಳಿಗೆ ನನ್ನನ್ನು ನೋಡಿದರು. ಆಮೇಲೆ ಡಬ್ಬಿ ಇಸಿದುಕೊಂಡರು. ಹಾಗೆಂದು ಅವರು ಎಚ್ಚರ ಬಿಡಲಿಲ್ಲ. ಒಡೆಯುವುದು ಬೇಡ, ಎರಡು ಹಾರಿಸಿಯಾದರೂ ನೋಡೋಣ ಎಂದು ಗೌಡರನ್ನು ಒಪ್ಪಿಸಿದರು. ಊರ ಹೊರಗೆ ಎಲೆಬಳ್ಳಿಯ ತೋಟಗಳಾಚೆ ಹಾಳುಬಿದ್ದ ಕಲ್ಲಿನ ಖಣಿಗೆ ಗೌಡರನ್ನು ಕರೆದುಕೊಂಡು ಹೋಗಿ, ರಿವಾಲ್ವರನ್ನು ಒಂದು ಮೋಟುಮರಕ್ಕೆ ಕಟ್ಟಿ, ಟ್ರಿಗರಿಗೆ ಹುರಿ ಬಿಗಿದು, ದೂರ ನಿಂತು ಎಳೆದರು. ಎರಡು ಹಾರಿಸಿದರು, ಎರಡೂ ಸರಿಯಾಗಿ ಹಾರಿದವು. ಬಂದು ಉರುಳೆಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದರು. ಬಿರುಕೇನೂ ಕಾಣಲಿಲ್ಲ. ಗೌಡರು ಸಂಜೆಯ ಬಸ್ಸಿಗೆ ಹೋದರು.

ಮಳೆಗಾಲ ಕಳೆದ ಮೇಲೆ ಗೌಡರ ತಮ್ಮ ಬಂದರು. ಅಂಗಡಿಯಲ್ಲಿ ಕೂರಲಿಲ್ಲ. ನಿಂತೇ ಹೇಳಿದರು. ಕುದುರೆ ಹಳ್ಳ ದಾಟುವಾಗ ಬಿದ್ದು ಹಿಂಗಾಲು ಮುರಿದುಕೊಂಡಿತ್ತು. ಹಿರೇಕೆರೂರಿನಿಂದ ಬಂದ ದನದ ಡಾಕ್ಟರು ಇನ್ನು ಉಪಾಯವಿಲ್ಲ ಎಂದು, ಸೂಜಿಯ ಔಷಧ ತರಲು ವಾಪಸು ಹೋಗಿದ್ದರು. ಗೌಡರು ಅಷ್ಟು ಹೊತ್ತು ಅದರ ನರಳಾಟ ನೋಡಲಾರದೆ, ಎಲ್ಲರನ್ನೂ ದೂರ ಕಳಿಸಿ, ರಿವಾಲ್ವರ್ ಹಿಡಿದು ಕುದುರೆಯ ತಲೆಯ ಹತ್ತಿರ ಕೂತರು. ಸದ್ದು ಕೇಳಿ ಮನೆಯವರು ಓಡಿಬಂದಾಗ ಕುದುರೆ ಜೀವಂತವಿತ್ತು, ಗೌಡರು ಮುಖ ಮುಚ್ಚಿಕೊಂಡು ಬಿದ್ದಿದ್ದರು. ರಿವಾಲ್ವರಿನ ಉರುಳೆ ಸೀಳಿ ಅದರ ಮೇಲಿನ ಕಬ್ಬಿಣದ ಪಟ್ಟಿ ಎದ್ದುಹೋಗಿತ್ತು. ಬಲಗಣ್ಣು ಹೋಯಿತು, ಎಡಗೈಯ ಎರಡು ಬೆರಳು ಹೋದವು. ಅವರು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದಾರೆ ಎಂದರು. ಪೊಲೀಸರು ರಿವಾಲ್ವರ್ ತೆಗೆದುಕೊಂಡು ಹೋಗಿದ್ದರು, ಖಾಲಿ ಡಬ್ಬಿಯನ್ನು ಮಾತ್ರ ಮರೆತಿದ್ದರು. ಗೌಡರ ತಮ್ಮ ಅದನ್ನು ಅಬ್ಬಾನ ಮೇಜಿನ ಮೇಲಿಟ್ಟು ಹೊರಟುಹೋದರು.

ನಾನು ಡಬ್ಬಿ ತೆಗೆದುಕೊಂಡು ಹೈಸ್ಕೂಲಿನ ಮಾಸ್ತರರ ಮನೆಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು ಒಂದೇ ಉಸಿರಿಗೆ ಓದಿ ಹೇಳಿದರು. ಈ ಕಾಡತೂಸುಗಳು ಈಗಿನ ಗಟ್ಟಿ ಆಯುಧಗಳಿಗೆ ಮಾತ್ರ, ಕರಿಮದ್ದಿನ ಕಾಲದ ಹಳೆಯ ರಿವಾಲ್ವರಿನಲ್ಲಿ ಎಂದೂ ಹಾಕಬಾರದು. ಅಷ್ಟೇ ಇದ್ದದ್ದು. ವಿಳಾಸ ಡಬ್ಬಿಯ ಅಡಿಯಲ್ಲಿತ್ತು.

ಮನೆಗೆ ಬಂದು ಅಂಗಡಿಯ ಬಾಗಿಲು ಎಳೆದುಕೊಂಡು ಅಬ್ಬಾನಿಗೆ ಎಲ್ಲ ಹೇಳಿದೆ. ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ. ಅವರು ಅರವಿಯ ತುಂಡಿನಿಂದ ಕೈ ಒರೆಸುತ್ತ ಕೂತೇ ಇದ್ದರು.

"ನಿನಗ ತಿಳಿದಿಲ್ಲಂತ ನನಗ ಅವತ್ತ ಗೊತ್ತಾಗಿತ್ತು ಬೇಟಾ," ಎಂದರು. "ನಿನ್ನ ಮಾರಿ ನೋಡಿದೆ. ಗೌಡ್ರ ಮುಂದ ನಿನ್ನನ್ನ ಸಣ್ಣಾಕಿ ಮಾಡೂದು ಬ್ಯಾಡಂತ ಸುಮ್ಮನಾದೆ."

ಸವಣೂರು ಠಾಣೆಯಲ್ಲಿ ಹೇಳಿಕೆ ಕೊಡುವಾಗ ಅಬ್ಬಾ ನನ್ನ ಸುದ್ದಿಯನ್ನೇ ಎತ್ತಲಿಲ್ಲ. ಕಾಡತೂಸು ಪರೀಕ್ಷೆ ಮಾಡಿ ಕೊಟ್ಟದ್ದು ತಾವೇ, ತಪ್ಪು ತಮ್ಮದು ಎಂದು ಬರೆಸಿ ಹೆಬ್ಬೆಟ್ಟು ಒತ್ತಿ ಬಂದರು. ಗೌಡರು ದೂರು ಕೊಡಲಿಲ್ಲವಾದ್ದರಿಂದ ಮುಂದೆ ಏನೂ ಆಗಲಿಲ್ಲ.

ಗೌಡರು ಆಸ್ಪತ್ರೆಯಿಂದ ಊರಿಗೆ ಬಂದರೆಂದು ತಿಳಿದ ಮೇಲೆ ಒಂದು ಭಾನುವಾರ ನಾವಿಬ್ಬರೂ ಹೊರಟೆವು. ಹಾವೇರಿಯಲ್ಲಿ ಬಸ್ಸು ಬದಲಿಸಿ ಹಂಸಭಾವಿಗೆ ಇಳಿದಾಗ ಮಧ್ಯಾಹ್ನ. ಅಬ್ಬಾನ ಕೈಯಲ್ಲಿ ಒಂದು ಕಟ್ಟು ವೀಳ್ಯದೆಲೆ, ತಿನ್ನಲು ಒಂದು ಪೊಟ್ಟಣ ಸವಣೂರಿನ ಕರಿದ ಖಾರ. ದಾರಿಯುದ್ದಕ್ಕೂ ಅವರು ನನಗೆ ಹೇಳಿದ್ದು ಒಂದೇ, ನೀನು ಮಾತಾಡಬೇಡ, ಮಾತಾಡುವುದು ನಾನು.

ಗೌಡರು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಒಂದು ಕಣ್ಣಿಗೆ ಬಿಳಿಯ ಬಟ್ಟೆ. ಇಬ್ಬರನ್ನೂ ಕೂರಲು ಹೇಳಿದರು. ಅಬ್ಬಾ ಏನು ಹೇಳಲು ಹೋದರೂ ಅವರು ಕುದುರೆಯ ಮಾತಿಗೇ ತಿರುಗುತ್ತಿದ್ದರು. ಡಾಕ್ಟರು ಸೂಜಿ ತರುವವರೆಗೆ ಮೂರು ತಾಸು ಅದು ಹಾಗೇ ಬಿದ್ದಿತ್ತಂತೆ. ತಮ್ಮನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗುವಾಗ ಅದು ಕತ್ತೆತ್ತಿ ತಮ್ಮ ಕಡೆ ನೋಡಿತಂತೆ. ಅದರ ತಲೆಯ ಮೇಲೆ ಕೈಯಿಡಲೂ ತಮಗೆ ಆಗಲಿಲ್ಲ ಎಂದರು. ಅದನ್ನು ಅವರು ಮೂರು ಸಲ ಹೇಳಿದರು.

ನನಗೆ ತಡೆಯಲಾಗಲಿಲ್ಲ. ಡಬ್ಬಿಯ ಮೇಲೆ ಬರೆದದ್ದು ನನಗೆ ತಿಳಿಯಲಿಲ್ಲ, ಸುಳ್ಳು ಹೇಳಿದೆ ಎಂದುಬಿಟ್ಟೆ. ಅಬ್ಬಾ ತಲೆ ತಗ್ಗಿಸಿದರು. ಗೌಡರು ಅಂಗಳದ ಕಡೆ ಮುಖ ತಿರುಗಿಸಿದರು.

"ಬರೂದಿಲ್ಲಂದ್ರ ಬರೂದಿಲ್ಲ ಅನ್ನಬೇಕಿತ್ತವಾ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಅಬ್ಬಾನಿಗೆ, "ಇನ್ನ ಹೋಗಿ ಬರ್ರಿ ಉಸ್ತಾದರ. ನನಗ ಭಾಳೊತ್ತು ಕುಂಡರಾಕ ಆಗೂದಿಲ್ಲ," ಎಂದರು. ಚಹಾ ತಂದಿದ್ದ ಅವರ ಹೆಂಡತಿ ಬಾಗಿಲಲ್ಲೇ ನಿಂತರು. ನಾವು ಕುಡಿಯದೆ ಎದ್ದು ಬಂದೆವು.

ಅವರು ಮತ್ತೆ ಸವಣೂರಿಗೆ ಬರಲಿಲ್ಲ. ಮೂರು ವರ್ಷದ ನಂತರ ತೀರಿಕೊಂಡರೆಂದು ಬಸ್ಸಿನಲ್ಲಿ ಯಾರೋ ಮಾತಾಡಿಕೊಳ್ಳುವುದನ್ನು ಕೇಳಿ ನಾನೇ ಅಬ್ಬಾನಿಗೆ ಹೇಳಿದೆ. ಅಷ್ಟರಲ್ಲಿ ಅಬ್ಬಾ ತಾವಾಗಿಯೇ ಲೈಸೆನ್ಸು ವಾಪಸು ಮಾಡಿ, ಅದೇ ಕೋಣೆಯಲ್ಲಿ ಸ್ಟೋ ಮತ್ತು ಹೊಲಿಗೆ ಯಂತ್ರ ರಿಪೇರಿ ಮಾಡಿಕೊಂಡಿದ್ದರು. ಕೈ ಅದೇ ಕೈ, ಕೆಲಸ ಚೆಂದವೇ ಆಗುತ್ತಿತ್ತು. ಮಾತು ಮಾತ್ರ ಕಡಿಮೆಯಾಯಿತು. ಅಂಗಡಿಯಲ್ಲಿ ನನ್ನೊಂದಿಗೆ ಕನ್ನಡ ಆಡುವುದನ್ನೂ ಬಿಟ್ಟರು. ಹೊಸ್ತಿಲಿನ ಹೊರಗೂ ನಮ್ಮ ಮಾತು ಉರ್ದುವೇ ಆಯಿತು.

ಎಂಬತ್ತರ ದಶಕದ ಮೊದಲಲ್ಲಿ ಒಮ್ಮೆ ಹಾನಗಲ್ಲಿನಿಂದ ನಡುವಯಸ್ಸಿನ ಒಬ್ಬ, ಅಬ್ಬಾನ ಹಳೆಯ ಹೆಸರು ಕೇಳಿಕೊಂಡು, ಹಳೆಯ ರಿವಾಲ್ವರ್ ಮತ್ತು ಹೊಸ ಕಾಡತೂಸಿನ ಪೊಟ್ಟಣ ಹಿಡಿದು ಬಂದ. ಅಬ್ಬಾ ಮುಟ್ಟಲೂ ಇಲ್ಲ. ಹಾರಿಸಬೇಡಿ, ಠಾಣೆಗೆ ಒಪ್ಪಿಸಿಬಿಡಿ ಎಂದರು. ಕಾಡತೂಸು ಸರಿಯಾಗಿ ಕೂರುತ್ತದೆಯಲ್ಲ, ಮತ್ತೇನು ಎಂದು ಆತ ಜಗಳ ತೆಗೆದ. ಅಬ್ಬಾ ಮತ್ತೂ ಅದನ್ನೇ ಹೇಳಿದರು. ಮುದುಕನಿಗೆ ಕೆಲಸ ಮರೆತುಹೋಗಿದೆ ಎಂದು ಗೊಣಗುತ್ತ ಆತ ಹೊರಟುಹೋದ. ಅಬ್ಬಾ ಚಪ್ಪಲಿ ಮೆಟ್ಟಿಕೊಂಡು ಅವನ ಹಿಂದೆಯೇ ಬಸ್‌ಸ್ಟ್ಯಾಂಡಿನವರೆಗೆ ನಡೆದರು. ಅಲ್ಲಿ ಎಷ್ಟು ಹೇಳಿದರೋ ಗೊತ್ತಿಲ್ಲ. ಮರಳಿ ಬಂದಾಗ ಅಂಗಿ ಬೆವೆತು ಬೆನ್ನಿಗೆ ಅಂಟಿತ್ತು. ಕೇಳಿದನೇನು ಎಂದೆ. ಗೊತ್ತಿಲ್ಲ ಎಂದರು, ಉರ್ದುವಿನಲ್ಲಿ. ಕೊಡದಲ್ಲಿನ ನೀರು ಕುಡಿದು, ಬಿಚ್ಚಿಟ್ಟಿದ್ದ ಸ್ಟೋದ ಮುಂದೆ ಕೂತರು.