ಮಾವನೋ ಅಣ್ಣನೋ

ಮೊದಲ ಬಸ್ಸು ಇನ್ನೂ ತಿರುವಿನಾಚೆಗಿದೆ. ನಿಲ್ದಾಣದ ಹೆಂಗಸರ ಶೌಚಾಲಯದ ಮುಂದೆ, ಅಂಗಿಯ ತೋಳು ಮೇಲಕ್ಕೆ ಮಡಚಿದ ಹೆಂಗಸೊಬ್ಬರು ಉದ್ದ ಹಿಡಿಯ ಪೊರಕೆಯಿಂದ ನೀರನ್ನು ಮೋರಿಗೆ ತಳ್ಳುತ್ತಿದ್ದಾರೆ. ನೆಲ ಒಣಗುವ ಮುಂಚೆ ಕನ್ನಡಿ ಒರೆಸುತ್ತಾರೆ, ನಲ್ಲಿ ತಿರುಗಿಸಿ ನೋಡುತ್ತಾರೆ. ಆಮೇಲೆ ಒಂದೊಂದು ಬಾಗಿಲಿನ ಚಿಲಕವನ್ನೂ ಹಾಕಿ ತೆಗೆದು ಪರೀಕ್ಷಿಸುತ್ತಾರೆ.

“ಚಿಲಕ ಸರಿ ಇಲ್ಲದಿದ್ರೆ ಹುಡುಗೀರು ಒಳಗೆ ಹೋಗಲ್ಲ. ಹೊರಗೆ ಸುಮ್ನೆ ಸುತ್ತಾಡ್ತಾರೆ. ಸುತ್ತಾಡೋರನ್ನೇ ತಾನೆ ಕಂಡಕಂಡೋರು ಮಾತಾಡಿಸೋದು?” ಎನ್ನುತ್ತಾರೆ.

ನಿಲ್ದಾಣದವರಿಗೆ ಇವರು ಫಿನಾಯಿಲಕ್ಕ. ಹಾಗೆ ಕರೆದರೆ ಬೇಸರವಾಗುವುದಿಲ್ಲವೇ ಎಂದು ಕೇಳಿದರೆ ನಗುತ್ತಾರೆ. “ಮಲ್ಲಿಗೆ ಅಂತ ಕರೆದಿದ್ರೂ ಮೈಯಿಂದ ಇದೇ ವಾಸನೆ ಬರ್ತಿತ್ತು ಬಿಡಿ.”

ಅವರ ಗಂಡ ಹಿಂದಿನ ಡಿಪೋದಲ್ಲಿ ಬಸ್ ತೊಳೆಯುತ್ತಾರೆ. ಅವರ ಪಾಳಿ ಮುಗಿಯುವ ಹೊತ್ತಿಗೆ ಇವರದು ಶುರು. ಗೇಟಿನ ಹತ್ತಿರ ನಿಂತು ಮಗಳ ಜ್ವರ, ಮನೆಯ ನೀರು, ಮಧ್ಯಾಹ್ನದ ಅಡುಗೆ, ಎಲ್ಲವನ್ನೂ ನಾಲ್ಕು ಮಾತಿನಲ್ಲಿ ಮುಗಿಸಿ ಬೇರೆಯಾಗುತ್ತಾರೆ. “ನಮ್ಮದು ಗೇಟಿನ ಸಂಸಾರ,” ಎನ್ನುತ್ತಾರೆ ಫಿನಾಯಿಲಕ್ಕ. ಮಗಳನ್ನು ಎಬ್ಬಿಸಿ ಶಾಲೆಗೆ ಕಳಿಸುವುದು ಅಪ್ಪನ ಕೆಲಸ.

ಒಂಟಿಯಾಗಿ ಬಂದಿಳಿಯುವ ಮಕ್ಕಳ ಮೇಲೆ ಒಂದು ಕಣ್ಣಿಡಿ ಎಂದು ಇವರಿಗೆ ಯಾರೂ ಹೇಳಿಲ್ಲ. ಅದಕ್ಕೆ ಸಂಬಳವೂ ಇಲ್ಲ. ಮನೆ ಬಿಟ್ಟು ಬಂದವರು, ಜಗಳವಾಡಿ ಬಂದವರು, ಯಾರನ್ನೋ ನಂಬಿ ಬಂದವರು ಎಲ್ಲರೂ ಮೊದಲು ಮುಖ ತೊಳೆಯುವುದು ಇವರ ಕನ್ನಡಿಯ ಮುಂದೆ. ಅತ್ತಿದ್ದು ಯಾವುದು, ನಿದ್ದೆಗೆಟ್ಟದ್ದು ಯಾವುದು ಎಂಬುದು ಕಣ್ಣು ನೋಡಿದರೆ ತಿಳಿಯುತ್ತದೆಯೇ? “ಎಲ್ಲಿ ತಿಳಿಯುತ್ತೆ?” ಎಂದು ತಲೆಯಾಡಿಸುತ್ತಾರೆ. “ತಿಳಿಯುತ್ತೆ ಅಂದ್ಕೊಂಡೇ ಒಂದು ಸಲ ಕೆಟ್ಟೆ.”

ಅಂದು ಅಳುತ್ತಿದ್ದ ಹುಡುಗಿಯೊಬ್ಬಳನ್ನು ಗಂಡಸೊಬ್ಬ ತೋಳು ಹಿಡಿದು ಎಳೆದೊಯ್ಯುತ್ತಿದ್ದ. ಇವರು ಕೂಗಿದರು. ಜನ ಸೇರಿದರು, ಕಾಲರ್ ಹಿಡಿದರು, ಎರಡೇಟೂ ಬಿದ್ದವು. ಆತ ಆ ಹುಡುಗಿಯ ಹೆತ್ತ ತಂದೆ. ಹಲ್ಲುನೋವಿಗೆ ಆಸ್ಪತ್ರೆಗೆ ಹೊರಟಿದ್ದರು. “ಅಪ್ಪನಿಗೆ ಹೊಡೀಬೇಡಿ ಅಂತ ಆ ಮಗು ಅತ್ತಿದ್ದು ಇವತ್ತಿಗೂ ಕಿವಿಯಲ್ಲಿದೆ. ಆಮೇಲೆ ಎಷ್ಟೋ ದಿನ ನೆಲ ಬಿಟ್ಟು ತಲೆ ಎತ್ತಲಿಲ್ಲ.”

ಆ ಪೆಟ್ಟಿನಿಂದಲೇ ಹುಟ್ಟಿದ್ದು ನಿಲ್ದಾಣದವರ ಒಳ ಒಪ್ಪಂದ. ಚಹಾ ಅಂಗಡಿಯವರು, ಮೈಕಿನಲ್ಲಿ ಬಸ್ಸು ಕೂಗುವವರು, ಬೆಳಗಿನ ಬಸ್ಸಿನ ಕಂಡಕ್ಟರು, ಠಾಣೆಯ ಮಹಿಳಾ ಪೇದೆ ಒಟ್ಟಿಗೆ ಕೂತು ಮಾತಾಡಿಕೊಂಡರು. ಯಾರೂ ಯಾರ ಮೈ ಮುಟ್ಟುವಂತಿಲ್ಲ. ಅನುಮಾನ ಬಂದರೆ ಇನ್ನೊಬ್ಬರನ್ನು ಕೇಳಬೇಕು, ಪೇದೆಗೆ ಫೋನ್ ಮಾಡಬೇಕು, ಅಷ್ಟೆ. ಮೈಕಿನವರಿಗೆ ಇದೂ ಪೂರ್ತಿ ಹಿಡಿಸಿಲ್ಲ. “ಪ್ರಾಯದ ಮಕ್ಕಳು ಒಂದು ಚಹಾ ಕುಡಿಯೋ ಹಾಗಿಲ್ಲ, ನಾಲ್ಕು ಜನ ಕತ್ತು ಉದ್ದ ಮಾಡ್ತೀವಿ. ಇದು ಕಾಯೋದೋ, ಇಣುಕೋದೋ?” ಎಂದು, ಇವರ ಬಗ್ಗೆ ಬರೆಯಲು ಬಂದ ನನ್ನನ್ನೇ ಕೇಳುತ್ತಾರೆ.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಶಾಲೆಯ ಸಮವಸ್ತ್ರದಲ್ಲಿ ಹುಡುಗಿಯೊಬ್ಬಳು ಬಂದಳು. ಒಳಗೆ ಹೋಗಿ ಬಟ್ಟೆ ಬದಲಿಸಿ ಬಂದಳು. ಹೊರಗೆ ಕೆಂಪು ಜಾಕೆಟ್ಟಿನ ಯುವಕ ಚಹಾ ಕುಡಿಯುತ್ತಿದ್ದ. “ಜೊತೆಗೆ ಬಂದೋರು ಯಾರಮ್ಮ?” ಎಂದು ಫಿನಾಯಿಲಕ್ಕ ಕೇಳಿದರು. “ಮಾವ. ಅಮ್ಮನ ತಮ್ಮ,” ಎಂದಳು. ಸರಿ, ಸೋದರಮಾವ ಎಂದು ಇವರು ಸುಮ್ಮನಾದರು. ಆದರೂ ಮನಸ್ಸು ತಡೆಯದೆ ಚಹಾ ಅಂಗಡಿಗೆ ಹೋದರು.

“ಆ ಕೆಂಪು ಜಾಕೆಟ್ಟಿನೋರು ಯಾರಂತೆ ಅಣ್ಣ?”

“ಆ ಹುಡುಗಿಯ ಅಣ್ಣನಂತೆ. ತಂಗೀನ ಪರೀಕ್ಷೆಗೆ ಕರ್ಕೊಂಡು ಹೋಗ್ತಿದ್ದಾನಂತೆ.”

“ನನಗೆ ಮಾವ ಅಂದಳಲ್ಲ.”

ಚಹಾದವರು ಸೋಸುವುದನ್ನು ನಿಲ್ಲಿಸಿದರು. ಇಬ್ಬರ ಬಳಿಯೂ ಅರ್ಧರ್ಧ ಮಾತಿತ್ತು. ಕೂಡಿಸಿದಾಗ ಸಂಬಂಧವೇ ಕೂಡಲಿಲ್ಲ. ಅವರು ಪೇದೆಗೆ ಫೋನ್ ಹಚ್ಚಿದರು. ಕಂಡಕ್ಟರಿಗೂ ಒಂದು ಮಾತು ಹೋಯಿತು. ಬ್ರೇಕಿಗೆ ಗಾಳಿ ಹಿಡಿದಿಲ್ಲ, ಸ್ವಲ್ಪ ತಡವಾಗುತ್ತದೆ ಎಂದು ಅವರು ಪ್ರಯಾಣಿಕರಿಗೆ ನೆಪ ಹೇಳಿದರು.

ಫಿನಾಯಿಲಕ್ಕ ಕನ್ನಡಿಯ ಬಳಿಗೆ ಮರಳಿದರು. “ಆ ಹಲ್ಲುನೋವಿನ ಮಗುನೇ ಕಣ್ಮುಂದೆ ಬಂತು. ಇದೂ ತಪ್ಪಾದ್ರೆ?”

ಹುಡುಗಿಗೆ ಅವರು ಹೇಳಿದ್ದು ಇಷ್ಟೇ: “ನಾನು ತಪ್ಪು ತಿಳಿದಿರಬಹುದು ಕಣಮ್ಮ. ಅಮ್ಮನಿಗೆ ಒಂದು ಫೋನ್ ಮಾಡು. ಅವರು ಹೂಂ ಅಂದ್ರೆ ನಾನೇ ನಿನ್ನ ಬ್ಯಾಗ್ ಹೊತ್ತು ಬಸ್ ಹತ್ತಿಸ್ತೀನಿ.”

“ನಿಮಗ್ಯಾಕೆ?” ಎಂದಳು ಹುಡುಗಿ. ಮತ್ತೆ ಮೆಲ್ಲಗೆ, “ಫೋನ್ ಅವರ ಹತ್ರ ಇದೆ.”

“ನಿನ್ನ ಫೋನ್ ಅವರ ಹತ್ರ ಯಾಕೆ?”

ಹುಡುಗಿ ತಿರುಗಿ ಚಹಾ ಅಂಗಡಿಯತ್ತ ನೋಡಿದಳು. “ಆ ಪ್ರಶ್ನೆ ಅವಳಿಗೂ ಅಲ್ಲೀತನಕ ಹೊಳೆದಿರಲಿಲ್ಲ ಅನ್ಸುತ್ತೆ,” ಎನ್ನುತ್ತಾರೆ ಫಿನಾಯಿಲಕ್ಕ.

ಪೇದೆ ಬರುವಷ್ಟರಲ್ಲಿ ಯುವಕ ಅರ್ಧ ಚಹಾ ಬಿಟ್ಟು ಕಾಣೆಯಾಗಿದ್ದ. ಫೋನೂ ಅವನ ಜೊತೆಗೇ ಹೋಯಿತು. ಹುಡುಗಿ ಅವನನ್ನು ನೋಡಿದ್ದೇ ಅಂದು ಮೊದಲು, ಪರಿಚಯವೆಲ್ಲ ಫೋನಿನಲ್ಲೇ. ದೂರದ ಊರಲ್ಲಿ ಕೆಲಸ ಕೊಡಿಸುತ್ತೇನೆ ಎಂದಿದ್ದನಂತೆ. “ನನ್ನ ಬಾಳು ಹಾಳು ಮಾಡಿದ್ರಿ,” ಎಂದು ಅವಳು ಫಿನಾಯಿಲಕ್ಕನ ಮೇಲೆ ರೇಗಿದಳು. ಪೇದೆ ಫೋನ್ ಮಾಡಿದ ಮೇಲೆ ಓಡಿ ಬಂದ ತಾಯಿಯ ಬಾಯಲ್ಲೂ ಒಳ್ಳೆಯ ಮಾತು ಬರಲಿಲ್ಲ. “ನಾಲ್ಕು ಜನರ ಮುಂದೆ ನನ್ನ ಮಗಳ ಮಾನ ತೆಗೆದ್ರಲ್ಲ” ಎಂದು, ಮಗಳನ್ನು ತಬ್ಬಿಕೊಂಡು ಹೊರಟುಹೋದರು.

ಅವನು ಯಾರೆಂದು ಇಂದಿಗೂ ತಿಳಿದಿಲ್ಲ. ಅವನ ನಂಬರು ಸ್ವಿಚ್ ಆಫ್ ಆಗಿದೆ ಎನ್ನುತ್ತಾರೆ ಪೇದೆ. ಒಳ್ಳೆಯವನಾಗಿದ್ದರೆ ಫೋನನ್ನಾದರೂ ಹಿಂದಿರುಗಿಸುತ್ತಿದ್ದ ಎಂಬುದು ಚಹಾದವರ ವಾದ. “ಹೆದರಿ ಓಡಿರಬಹುದು, ನಾನಾದ್ರೂ ಓಡ್ತಿದ್ದೆ,” ಎಂಬುದು ಮೈಕಿನವರದು. ಫಿನಾಯಿಲಕ್ಕ ಎರಡಕ್ಕೂ ತಲೆಯಾಡಿಸುತ್ತಾರೆ. “ಒಂದು ದಿನ ಸರಿ ಮಾಡಿದೆ ಅನ್ಸುತ್ತೆ. ಇನ್ನೊಂದು ದಿನ, ನಾನ್ಯಾರು ಕೇಳೋಕೆ ಅನ್ಸುತ್ತೆ.”

ಮನೆಯಲ್ಲೂ ಈ ಗೊಂದಲಕ್ಕೆ ಬಿಡುವಿಲ್ಲ. ಒಂಬತ್ತನೇ ತರಗತಿಯ ಮಗಳು ಗೆಳತಿಯ ಮನೆಗೆ ಹೊರಟರೂ ಇವರ ಪ್ರಶ್ನೆಗಳು ಮುಗಿಯುವುದಿಲ್ಲ. “ಊರ ಮಕ್ಕಳನ್ನ ಕಾಯ್ತೀಯ, ನನ್ನನ್ನ ಕಾಡ್ತೀಯ” ಎಂದು ಅವಳು ಮುಖಕ್ಕೇ ಹೇಳಿದ್ದಾಳೆ. ಅಂದಿನಿಂದ ಪ್ರಶ್ನೆ ಕಡಿಮೆ ಮಾಡಿದ್ದಾರೆ. ಹೀಗೆ ಕಡಿಮೆ ಮಾಡಿದ್ದು ಸರಿಯೋ ತಪ್ಪೋ, ಅದೂ ಗೊತ್ತಿಲ್ಲ.

ಅಂದು ಸಮವಸ್ತ್ರದಲ್ಲಿ ಬಂದಿದ್ದ ಆ ಹುಡುಗಿ ಈಗ ಇದೇ ನಿಲ್ದಾಣದಿಂದ ಕಾಲೇಜಿಗೆ ಹೋಗುತ್ತಾಳೆ. ಎದುರು ಸಿಕ್ಕರೂ ಮಾತಿಲ್ಲ. ಆದರೆ ಹೋದ ತಿಂಗಳು, ಅಳುತ್ತಿದ್ದ ಅಪರಿಚಿತ ಹುಡುಗಿಯೊಬ್ಬಳನ್ನು ಕೈ ಹಿಡಿದು ನೇರ ಇವರ ಬಳಿಗೆ ತಂದಳು. “ಎಲ್ಲಿಗೆ ಹೋಗ್ಬೇಕು ಅಂತ ಹೇಳ್ತಿಲ್ಲ. ನೀವು ಕೇಳಿ,” ಎಂದವಳೇ ತನ್ನ ಬಸ್ಸಿಗೆ ಓಡಿದಳು. ಆ ಮಗು ಸಂಜೆಯೊಳಗೆ ಅಜ್ಜಿಯ ಮನೆ ಸೇರಿತು.

“ನನ್ನನ್ನ ಕ್ಷಮಿಸಿದ್ಲೋ, ಇಲ್ಲಾ ಕೆಲಸ ಹೇಳಿ ಹೋದ್ಲೋ, ತಿಳೀಲಿಲ್ಲ,” ಎಂದು ಫಿನಾಯಿಲಕ್ಕ ನಗುತ್ತಾರೆ.

ನಿಮಗೇನಾದರೂ ಬೇಕೇ ಎಂದು ಕೇಳುತ್ತೇನೆ. ಸಂಬಳದ ಮಾತು ಬರಬಹುದೆಂದು ಕಾಯುತ್ತೇನೆ. ಅವರು ಒದ್ದೆ ಗೋಡೆಯತ್ತ ಕೈ ತೋರುತ್ತಾರೆ.

“ಅಲ್ಲೊಂದು ಬೆಂಚ್ ಹಾಕಿಸಿಕೊಟ್ರೆ ಸಾಕು. ನಿಂತಿರೋ ಮಕ್ಕಳು ಸುಳ್ಳು ಹೇಳಿ ಹೊರಟುಬಿಡ್ತಾರೆ. ಸ್ವಲ್ಪ ಹೊತ್ತು ಕೂತರೆ, ಅವರೇ ಹೇಳ್ತಾರೆ.”